ಹೋದ ಚಳಿಗಾಲದ ಕಿಲೋಮೀಟರುಗಳು

"ತಲೆಗೆ ಹತ್ತದ ಬುದ್ಧೀನ ಕಾಲಿಗೆ ಹೇಳ್ಕೊಂಡು ಓಡಾಡ್ತಾರೆ ನಮ್ಮ ಸಾಹೇಬ್ರು," ಎಂದು ಮೇಸ್ತ್ರಿ ಎರಡು ಬೂಟುಗಳನ್ನು ಕೋಲಿನ ತುದಿಗೆ ಸಿಕ್ಕಿಸಿ ಎತ್ತಿ ಹಿಡಿದ. "ನೋಡ್ರಪ್ಪ ಎಲ್ಲಾರೂ. ಎಂಟನೇ ಕ್ಲಾಸಿನ ಹೊಸ್ತಿಲು ದಾಟೋಕಾಗದ ಕಾಲಿನ ಬೂಟಿವು. ದಿನಾ ಹತ್ತು ಕಿಲೋಮೀಟರ್ ಓಡ್ತವಂತೆ. ಯಾರಾದ್ರೂ ಮೂಸಿ ನೋಡ್ತೀರಾ?"

ಲಾಂಡ್ರಿಯಲ್ಲಿದ್ದ ಹದಿನಾಲ್ಕು ಜನವೂ ನಕ್ಕರು. ಕೆಲವರು ನಗು ಬಂದು ನಕ್ಕರು, ಕೆಲವರು ಮೇಸ್ತ್ರಿ ತಮ್ಮ ಕಡೆ ನೋಡುತ್ತಿದ್ದಾನೆಂದು ನಕ್ಕರು. ಬೂಟಿನ ಒಡೆಯ ಮಾತ್ರ ಇಸ್ತ್ರಿ ರೋಲರಿನ ಪಕ್ಕದಲ್ಲಿ, ಅರ್ಧ ಮಡಚಿದ ಹಾಸುಬಟ್ಟೆಯ ಎರಡು ಮೂಲೆ ಹಿಡಿದುಕೊಂಡು, ಕಿವಿಯವರೆಗೂ ಕೆಂಪಾಗಿ ನಿಂತಿದ್ದ. ಇಪ್ಪತ್ತು ವರ್ಷ. ಮನೆಯಲ್ಲಿಟ್ಟ ಹೆಸರೇನೇ ಇರಲಿ, ಇಲ್ಲಿ ಅವನು ಎಲ್ಲರ ಬಾಯಲ್ಲೂ ಸೀಮೆಎಣ್ಣೆ. ಇವನಿಗೆ ಕಡ್ಡಿ ಗೀರುವುದೇ ಬೇಡ, ಬೆಂಕಿಪೊಟ್ಟಣ ತೋರಿಸಿದರೆ ಸಾಕು ಎಂದು ಯಾರೋ ಒಂದು ದಿನ ಅಂದರು, ಅವತ್ತಿನಿಂದ ಅದೇ ಹೆಸರು ಅಂಟಿಕೊಂಡಿತು.

ತಪ್ಪು ಅವನದೇ. ಬೆಳಗಿನ ಮಂಜಿನಲ್ಲಿ ಓಡಿ ಬಂದರೆ ಬೂಟು ನೆಂದು ತೊಪ್ಪೆಯಾಗುತ್ತಿತ್ತು. ಮನೆಯಲ್ಲಿ ಒಣಹಾಕಿದರೆ ಮೂರು ದಿನ. ಲಾಂಡ್ರಿಯಲ್ಲಿ ರೋಲರಿನ ಮೇಲೆ ಹಾದುಹೋಗುವ ಹಬೆ ಕೊಳವೆಗೆ ನೇತುಹಾಕಿದರೆ ಮೂರೇ ಗಂಟೆ. ಎರಡು ತಿಂಗಳಿಂದ ಯಾರ ಕಣ್ಣಿಗೂ ಬೀಳದೆ ನಡೆದಿತ್ತು. ಇವತ್ತು ಮಾತ್ರ ಲೇಸಿನ ತುದಿಯಿಂದ ಒಂದು ಹನಿ ಕೆಸರು ಬಿಸಿ ರೋಲರಿನ ಮೇಲೆ ಬಿದ್ದು ಕಚ್ಚಿಕೊಂಡು, ಅದು ಸುತ್ತಿದಂತೆಲ್ಲ ಆಸ್ಪತ್ರೆಯ ಬಿಳಿ ಹಾಸುಬಟ್ಟೆಗಳ ಮೇಲೆ ಮಾರಿಗೊಂದು ಕಂದು ಚುಕ್ಕಿ ಒತ್ತುತ್ತ ಹೋಯಿತು. ಗಮನಕ್ಕೆ ಬರುವಷ್ಟರಲ್ಲಿ ಆರು ಬಟ್ಟೆಗಳ ಮೇಲೆ ಯಾರೋ ಒಂಟಿ ಕಾಲಲ್ಲಿ ನಡೆದುಹೋದ ಹಾಗೆ ಗುರುತು.

"ತಪ್ಪಾಯ್ತು ಅನ್ನು, ಮುಗೀತದೆ," ಎಂದು ಹಾಸುಬಟ್ಟೆಯ ಇನ್ನೆರಡು ಮೂಲೆ ಹಿಡಿದಿದ್ದ ಹೊಲಿಗೆಯಮ್ಮ ತುಟಿ ಅಲುಗಿಸದೆ ಹೇಳಿದಳು. ಹರಿದ ಬಟ್ಟೆ ಹೊಲಿಯುವುದು ಅವಳ ಕೆಲಸ. ಹೊಲಿಗೆ ಇಲ್ಲದಾಗ ಇವನ ಜೊತೆ ಮಡಚಲು ನಿಲ್ಲುತ್ತಿದ್ದಳು.

ಅವನು ತಪ್ಪಾಯ್ತು ಅನ್ನಲಿಲ್ಲ. "ಮೇಸ್ತ್ರಿ, ನೀವು ಗೇಟಿನಿಂದ ಇಲ್ಲಿ ತನಕ ಬರೋಷ್ಟರಲ್ಲಿ ಏದುಸಿರು ಬಿಟ್ಕೊಂಡು ಮೂರು ಸಲ ಗೋಡೆ ಹಿಡ್ಕೋತೀರಿ. ಇನ್ನೊಬ್ಬರ ಕಾಲಿನ ಸುದ್ದಿ ನಿಮಗ್ಯಾಕೆ?" ಎಂದ.

ಈ ಸಲ ಯಾರೂ ನಗಲಿಲ್ಲ. ನಗು ಬಂದವರು ತಿರುಗಿ ನಿಂತರು.

"ಸರಿ," ಎಂದ ಮೇಸ್ತ್ರಿ, ಬಹಳ ಮೃದುವಾಗಿ. "ಇವತ್ತಿಂದ ಕೊಳೆ ಕೋಣೆಗೆ ಹೋಗು. ಚಳಿ ಮುಗಿಯೋ ತನಕ ಅಲ್ಲೇ ಇರು. ಅಲ್ಲಿ ಕೊಳವೆ ಇಲ್ಲ, ತೊಂದರೇನೂ ಇಲ್ಲ."

"ನಿನ್ನ ಬಾಯಿಗೂ ಎರಡು ಹೊಲಿಗೆ ಹಾಕ್ಬೇಕು ಕಣೋ," ಎಂದಳು ಹೊಲಿಗೆಯಮ್ಮ, ಅವನು ಬೂಟು ಎತ್ತಿಕೊಂಡು ಹೊರಟಾಗ.

ಕೊಳೆ ಕೋಣೆ ಎಂದರೆ ಲಾಂಡ್ರಿಯ ಹಿಂಬದಿ. ಲಾರಿಗಳು ಬಂದು ಮೂಟೆ ಇಳಿಸುವ ಜಾಗವಾದ್ದರಿಂದ ಷಟರ್ ಯಾವಾಗಲೂ ತೆರೆದೇ ಇರುತ್ತಿತ್ತು. ಮೂಟೆ ಬಿಚ್ಚಿ, ದಿಂಬಿನ ಚೀಲ ಒಂದು ಕಡೆ, ಹಾಸುಬಟ್ಟೆ ಒಂದು ಕಡೆ, ರಕ್ತ ಹತ್ತಿದ್ದು ಇನ್ನೊಂದು ಕಡೆ ಎಂದು ತಳ್ಳುಗಾಡಿಗಳಿಗೆ ಎಸೆಯಬೇಕು. ಗೋಡೆಯ ಆಚೆ ಹಬೆಯಲ್ಲಿ ಜನ ಬೆವರುತ್ತಿದ್ದರೆ ಈಚೆ ಅವನ ಉಸಿರು ಹೊಗೆಯಾಗಿ ಕಾಣುತ್ತಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ಚಳಿಯಲ್ಲಿ ಓಡುವುದು, ಏಳಕ್ಕೆ ಚಳಿಗೇ ಕೆಲಸಕ್ಕೆ ಬರುವುದು. ಮೈ ಬೆಚ್ಚಗಾಗುವ ಜಾಗವೇ ಅವನ ದಿನದಲ್ಲಿ ಉಳಿಯಲಿಲ್ಲ. ಒಂದನ್ನು ಬಿಟ್ಟರೆ. ಅದು ಸಂಜೆ ಆರಕ್ಕೆ ಬರುವ ಅಕ್ಕನ ಫೋನು.

ಅಕ್ಕ ಮದುವೆಯಾಗಿ ಹೋಗಿ ಏಳು ತಿಂಗಳು. ಬಸ್ಸಿನಲ್ಲಿ ಎರಡೂವರೆ ಗಂಟೆಯ ದೂರ. ಅದಕ್ಕೂ ಮುಂಚೆ ಆರು ಚಳಿಗಾಲ ಇಬ್ಬರೂ ಒಟ್ಟಿಗೇ ಓಡಿದ್ದರು. ಏಳುವುದು ಅವನಿಗೆ ಯಾವತ್ತೂ ಕಷ್ಟ, ಉಪಾಯಗಳೆಲ್ಲ ಅಕ್ಕನವು. ಓಡುವ ಬಟ್ಟೆ ಹಾಕಿಕೊಂಡೇ ಮಲಗು. ಅಲಾರಂ ಗಡಿಯಾರ ಕೈಗೆ ಸಿಗಬಾರದು, ಬಚ್ಚಲ ಬಾಗಿಲಲ್ಲಿಡು. ಹತ್ತೇ ನಿಮಿಷ ಓಡೋಣ, ಆಮೇಲೂ ಬೇಡ ಅನ್ನಿಸಿದರೆ ವಾಪಸ್ ಬಂದುಬಿಡೋಣ. ಆರು ವರ್ಷದಲ್ಲಿ ಹತ್ತು ನಿಮಿಷಕ್ಕೆ ವಾಪಸ್ ಬಂದದ್ದು ಎರಡೇ ಸಲ, ಅದರಲ್ಲಿ ಒಂದು ಸಲ ಅವನಿಗೆ ವಾಂತಿಯಾಗಿತ್ತು.

ಚಳಿ ಮುಗಿದ ಮೊದಲ ಭಾನುವಾರ ಊರಲ್ಲಿ ಜೋಡಿ ಓಟ. ಒಬ್ಬರು ಹತ್ತು ಕಿಲೋಮೀಟರ್ ಓಡಿ, ನೀರಿನ ಟ್ಯಾಂಕಿನ ಹತ್ತಿರ ಕಾಯುತ್ತಿರುವ ಜೊತೆಗಾರರ ಕೈಗೆ ಬಟ್ಟೆಯ ಪಟ್ಟಿ ಕೊಡಬೇಕು, ಅವರು ಉಳಿದ ಹತ್ತು ಓಡಬೇಕು. ಹೋದ ವರ್ಷ ಇವರದು ಒಂಬತ್ತನೆಯ ಜೋಡಿ. ಈ ವರ್ಷದ ಅರ್ಜಿಯಲ್ಲೂ ಇಬ್ಬರ ಹೆಸರನ್ನೂ ಅವನೇ ಬರೆದು ಕೊಟ್ಟಿದ್ದ. ಅಕ್ಷರ ಡೊಂಕಾಗಿದ್ದರೂ ಅಕ್ಕನ ಹೆಸರು ಮಾತ್ರ ನೇರವಾಗಿ ಬಂದಿತ್ತು. ಮೊದಲ ಐದು ಜೋಡಿಗಳಲ್ಲಿ ಬರಬೇಕು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ನಿಜ ಬೇರೆ. ಅವನಿಗೆ ಬೇಕಾಗಿದ್ದದ್ದು ಟ್ಯಾಂಕಿನ ಹತ್ತಿರದ ಆ ಒಂದು ಗಳಿಗೆ. ಜನರ ನಡುವೆ ಅಕ್ಕ ಕೈ ಚಾಚಿ ನಿಂತಿರುತ್ತಾಳೆ, "ಕೊಡೋ ಬೇಗ, ಬೆರಳು ಮರಗಟ್ಟಿಹೋಯ್ತು" ಅನ್ನುತ್ತಾಳೆ. ಅಷ್ಟಕ್ಕಾಗಿ ಇಡೀ ಚಳಿಗಾಲವನ್ನು ಹೊತ್ತುಕೊಂಡು ಓಡುತ್ತಿದ್ದ.

ಫೋನಿನಲ್ಲಿ ಮೂರು ವಿಷಯ ಹೇಳಬೇಕೆಂಬುದು ಅವರಿಬ್ಬರ ಕಟ್ಟಳೆ. ಎಷ್ಟು ದೂರ, ಎಷ್ಟು ನಿಮಿಷ, ದಾರಿಯಲ್ಲಿ ಕಂಡದ್ದು ಒಂದು. ಮೂರನೆಯದು ಇಲ್ಲದಿದ್ದರೆ ಓಡಿದ್ದು ಲೆಕ್ಕಕ್ಕಿಲ್ಲ. ದೂರ, ಸಮಯದಲ್ಲಿ ಯಾರು ಬೇಕಾದರೂ ಬುರುಡೆ ಬಿಡಬಹುದು, ಕಂಡದ್ದರಲ್ಲಿ ಬಿಡಲಾಗುವುದಿಲ್ಲ ಎಂದು ಅಕ್ಕನೇ ಮಾಡಿದ ನಿಯಮ.

"ಎಂಟು. ನಲವತ್ತೇಳು ನಿಮಿಷ. ಕಸದ ಲಾರಿ ಓಡಿಸೋನು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಿದ್ದೆ ಮಾಡ್ತಿದ್ದ, ಹಾರ್ನ್ ತಾನೇ ಕೂಗ್ತಾ ಇತ್ತು," ಅನ್ನುತ್ತಿದ್ದ ಅವನು.

"ಏಳು. ನಲವತ್ತೈದು. ಒಂದು ನಾಯಿ ಇನ್ನೊಂದು ನಾಯಿಗೆ ದಾರಿ ಬಿಟ್ಟು ನಿಂತಿತ್ತು, ದೊಡ್ಡ ಮನುಷ್ಯರ ಥರ," ಅನ್ನುತ್ತಿದ್ದಳು ಅಕ್ಕ.

ಆ ನಾಯಿಯನ್ನು ನೆನೆಸಿಕೊಂಡು ಅವನು ಮರುದಿನದ ಮೂಟೆಗಳನ್ನೆಲ್ಲ ಬಿಚ್ಚಿ ಮುಗಿಸುತ್ತಿದ್ದ. ಬೆಳಗಿನ ಕತ್ತಲಲ್ಲಿ ಅಲಾರಂ ಹೊಡೆದಾಗ, ಎರಡೂವರೆ ಗಂಟೆಯಾಚೆ ಇನ್ನೊಂದು ಅಲಾರಂ ಹೊಡೆಯುತ್ತಿದೆ, ಇನ್ನೊಂದು ಜೊತೆ ಕಾಲು ತಣ್ಣನೆಯ ನೆಲ ಮುಟ್ಟುತ್ತಿದೆ ಎಂದುಕೊಂಡರೆ ಹೊದಿಕೆ ತನ್ನಷ್ಟಕ್ಕೆ ಸರಿಯುತ್ತಿತ್ತು. ಸೇತುವೆಯ ಏರಿನಲ್ಲಿ ಉಸಿರು ಕಟ್ಟಿದಾಗ ಎಡಗಡೆ ಸ್ವಲ್ಪ ಜಾಗ ಬಿಟ್ಟು ಓಡುತ್ತಿದ್ದ. ಅಕ್ಕ ಯಾವಾಗಲೂ ಎಡಕ್ಕೇ ಓಡುತ್ತಿದ್ದದ್ದು.

"ಯಾರಿಗೋ ಜಾಗ ಬಿಟ್ಟು ಓಡ್ತೀಯಂತಲ್ಲ," ಎಂದು ಒಂದು ದಿನ ಹೊಲಿಗೆಯಮ್ಮ ಕೇಳಿದಳು. ಅವಳ ಗಂಡ ಹಾಲಿನ ಗಾಡಿ ಓಡಿಸುತ್ತಿದ್ದ, ಸೇತುವೆಯ ಮೇಲೆ ಕಂಡಿದ್ದನಂತೆ.

"ಗಾಡಿ ಬಂದ್ರೆ ಇರ್ಲಿ ಅಂತ."

"ಗಾಡಿ ಬರೋದು ಬಲಗಡೆಯಿಂದ," ಎಂದು ಅವಳು ಮತ್ತೇನೂ ಕೇಳದೆ ಹರಿದ ದಿಂಬಿನ ಚೀಲಗಳನ್ನು ಆರಿಸಿಕೊಂಡು ಹೋದಳು.

ಚಳಿ ಬಲಿಯಿತು. ನಲ್ಲಿಯ ಬಾಯಲ್ಲಿ ನೀರು ಗಾಜಾಗಿ ನಿಲ್ಲುತ್ತಿತ್ತು. ಎದುರಿನ ಬೀದಿಯಲ್ಲಿ ಓಡುತ್ತಿದ್ದ ಬ್ಯಾಂಕಿನವನು ಮೊದಲು ವಾರಕ್ಕೆ ಮೂರು ದಿನಕ್ಕಿಳಿದ, ಆಮೇಲೆ ಒಂದು ದಿನ, ಆಮೇಲೆ ಕಿಟಕಿಯಿಂದ ಕೈ ಬೀಸತೊಡಗಿದ. ಇವನು ಮಾತ್ರ ಬಿಡಲಿಲ್ಲ. ಅಮ್ಮ ದಿನಾ ಒಂದೇ ಮಾತು ಹೇಳುತ್ತಿದ್ದಳು, "ಓಡಿದ್ರೆ ಓಡು, ಬಾಗಿಲು ಮೆಲ್ಲಗೆ ಹಾಕ್ಕೊ."

ಅದು ಬುಧವಾರ. ಅಕ್ಕನ ಫೋನು ಆರಕ್ಕೆ ಸರಿಯಾಗಿ ಬಂತು. ಅವನು ಲಾರಿ ಇಳಿಸುವ ಕಟ್ಟೆಯ ಮೇಲೆ ಕೂತು, ಮೂಟೆಯೊಂದನ್ನು ಬೆನ್ನಿಗೆ ಒತ್ತಿಕೊಂಡಿದ್ದ.

"ಹತ್ತು ಕಣೋ ಇವತ್ತು. ಅರವತ್ತೆರಡು ನಿಮಿಷ," ಎಂದಳು. "ಒಬ್ಬ ಸೈಕಲ್ ಮೇಲೆ ದೊಡ್ಡ ಕನ್ನಡಿ ಇಟ್ಕೊಂಡು ಹೋಗ್ತಿದ್ದ. ಕನ್ನಡೀಲಿ ಆಕಾಶ ಅಲ್ಲಾಡ್ತಾ ಇತ್ತು."

ಅವನಿಗೆ ಮೊದಲು ಖುಷಿಯೇ ಆಯಿತು. ಕನ್ನಡಿ, ಆಕಾಶ, ಚೆನ್ನಾಗಿದೆ ಅಂದುಕೊಂಡ. ಆಮೇಲೆ ಸೈಕಲ್ಲಿನವನ ಹಳದಿ ಟೋಪಿ ಕಣ್ಣಿಗೆ ಬಂತು. ಅಕ್ಕ ಟೋಪಿಯ ಮಾತೇ ಎತ್ತಿರಲಿಲ್ಲ.

"ಟೋಪಿ ಹಾಕಿದ್ನಾ ಅವನು?" ಎಂದ.

"ಯಾರು?"

"ಕನ್ನಡಿಯವನು."

ಆ ಕಡೆ ಸಣ್ಣಗೆ ಕಾಗದ ಮಗುಚಿದ ಸದ್ದಾಯಿತು. "ನೋಡ್ಲಿಲ್ಲ ಕಣೋ. ಕನ್ನಡೀನೇ ನೋಡ್ತಿದ್ದೆ."

"ಹಳದಿ ಟೋಪಿ," ಎಂದ ಅವನು. "ಸೇತುವೆ ಇಳಿಯೋ ಕಡೆ ಎದುರಾದ. ಕನ್ನಡೀಲಿ ನಾವಿಬ್ರೂ ಕಂಡ್ವಿ. ನಿನ್ನ ಮೂಗು ಟೊಮೆಟೊ ಥರ ಆಗಿದೆ ಅಂದೆ ನಾನು. ಹೋದ ವರ್ಷ."

ಆ ಕಡೆ ಪುಸ್ತಕ ಮುಚ್ಚಿದ ಸದ್ದಾಯಿತು. ಅವನಿಗೆ ಎಲ್ಲ ಒಂದೇ ಸಲಕ್ಕೆ ಅರ್ಥವಾಯಿತು. ಅಕ್ಕನಿಗೆ ಒಂದು ನೀಲಿ ಪುಸ್ತಕವಿತ್ತು, ಓಡಿ ಬಂದ ಮೇಲೆ ದಿನಾ ಅದರಲ್ಲಿ ಮೂರು ಸಾಲು ಬರೆಯುತ್ತಿದ್ದಳು. ಹೋದ ಚಳಿಗಾಲ ಅವನಿಗೆ ನಸುಕಿನ ನಾಲ್ಕರ ಪಾಳಿ ಬಿದ್ದಾಗೆಲ್ಲ ಒಬ್ಬಳೇ ಓಡಿದ್ದಳು. ಇಷ್ಟು ದಿನ ಆ ದಿನಗಳನ್ನು ಮಾತ್ರ ಆರಿಸಿ ಓದಿ ಹೇಳಿದ್ದಾಳೆ. ಜೊತೆಗೆ ಯಾರಿದ್ದರು ಎಂದು ಪುಸ್ತಕದಲ್ಲಿ ಬರೆದಿರುವುದಿಲ್ಲವಲ್ಲ. ಕನ್ನಡಿಯ ದಿನ ಲೆಕ್ಕ ತಪ್ಪಿದೆ. ದೊಡ್ಡ ಮನುಷ್ಯರ ಥರದ ನಾಯಿ ಹೋದ ವರ್ಷದ್ದು. ಅವನನ್ನು ಹೊದಿಕೆಯಿಂದ ಎಳೆದು ತಂದ ಬೆಳಗುಗಳೆಲ್ಲ ಹೋದ ವರ್ಷದವು.

"ಲೋ, ಕೇಳಿಲ್ಲಿ," ಎಂದಳು ಅಕ್ಕ.

ಅವನು ಫೋನು ಕಟ್ ಮಾಡಿ, ಬೆನ್ನಿಗಿದ್ದ ಮೂಟೆಯನ್ನು ಎತ್ತಿ ಷಟರಿಗೆ ಎಸೆದ. ತಗಡು ಗುಡುಗಿದ ಸದ್ದಿಗೆ ಒಳಗಿದ್ದವರು ಇಣುಕಿ ನೋಡಿ, ಸೀಮೆಎಣ್ಣೆ ಎಂದು ಹೇಳಿ ಮತ್ತೆ ಒಳಗೆ ಹೋದರು.

ಗುರುವಾರ ಅಲಾರಂ ಹೊಡೆಯಿತು, ಎದ್ದು ಅದರ ಕತ್ತು ಹಿಸುಕಿ ಬಂದು ಮಲಗಿದ. ಶುಕ್ರವಾರ ಅಲಾರಂ ಇಡಲೇ ಇಲ್ಲ. ಶನಿವಾರ ಅಮ್ಮ ತಾನೇ ಬಂದು "ಮೈ ಹುಷಾರಿಲ್ವಾ?" ಎಂದು ಹಣೆ ಮುಟ್ಟಿ ನೋಡಿದಳು. ಅಕ್ಕನ ಫೋನು ಆರಕ್ಕೆ ಬರುತ್ತಿತ್ತು, ಇವನು ಅದು ಬಡಿದುಕೊಳ್ಳುವುದನ್ನು ನೋಡುತ್ತ ಕೂರುತ್ತಿದ್ದ. ಓಡದ ಕಾಲು ರಾತ್ರಿಯೆಲ್ಲ ಹೊದಿಕೆಯೊಳಗೆ ತಾನೇ ತಾನಾಗಿ ಅದುರುತ್ತಿತ್ತು. ಅಕ್ಕನ ಮೇಲಿನ ಸಿಟ್ಟಿಗಿಂತ ಜೋರಾಗಿ ಇನ್ನೊಂದು ಕಾಡುತ್ತಿತ್ತು. ಅವಳು ಓಡುತ್ತಿಲ್ಲ ಎಂದು ಗೊತ್ತಾದ ಮೇಲೂ, ಐದು ಗಂಟೆಗೆ ಎಚ್ಚರವಾದಾಗ, ಎಡಗಡೆ ಅವಳ ಉಸಿರು ಕೇಳಬೇಕು ಅನ್ನಿಸುವುದು ನಿಂತಿರಲಿಲ್ಲ.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸು ಹತ್ತಿದ.

ಬಾಗಿಲು ತೆರೆದದ್ದು ಭಾವ. ಪ್ಲಂಬರ್ ಕೆಲಸ, ಬೆರಳೆಲ್ಲ ದಪ್ಪ, ಮಾತೆಲ್ಲ ತಮಾಷೆ. "ಬಾರಪ್ಪ ಬಾ. ಓಡ್ಕೊಂಡೇ ಬಂದ್ಯಾ, ಬಸ್ಸಲ್ಲಿ ಬಂದ್ಯಾ?" ಎಂದವನು, ಇವನ ಮುಖ ನೋಡಿ, "ಪಕ್ಕದ್ಮನೆ ನಲ್ಲಿ ಸೋರ್ತಾ ಇದೆಯಂತೆ, ನೋಡ್ಕೊಂಡು ಬರ್ತೀನಿ," ಎಂದು ಬರಿಗೈಯಲ್ಲೇ ಹೊರಟುಹೋದ. ಸಲಕರಣೆಯ ಚೀಲ ಬಾಗಿಲಲ್ಲೇ ಉಳಿಯಿತು.

ಮೂರನೆಯ ಮಹಡಿಯ ಎರಡು ಕೋಣೆ. ಅಕ್ಕ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಳು. ಇವನನ್ನು ನೋಡಿ ಒದ್ದೆ ಅಂಗಿ ಹಿಡಿದುಕೊಂಡೇ ನಿಂತಳು. ಇವನು ಅವಳನ್ನು ನೋಡಲಿಲ್ಲ. ಗೋಡೆಯ ಪಕ್ಕದಲ್ಲಿ ಅವಳ ಓಡುವ ಬೂಟುಗಳಿದ್ದವು. ಎರಡರ ತುಂಬ ಬಟ್ಟೆಯ ಕ್ಲಿಪ್ಪುಗಳು. ಎಡ ಕಾಲಿನದರಲ್ಲಿ ಪ್ಲಾಸ್ಟಿಕ್ಕಿನವು, ಬಲ ಕಾಲಿನದರಲ್ಲಿ ಮರದವು.

"ಒಳ್ಳೆ ಜಾಗ ಸಿಕ್ಕಿದೆ," ಎಂದ.

"ಎಷ್ಟೊತ್ತಿಗೆ ಹೊರಟೆ? ಏನಾದ್ರೂ ತಿಂದ್ಯಾ?"

"ಯಾವಾಗಿಂದ ಓಡ್ತಿಲ್ಲ?"

ಅಕ್ಕ ಅಂಗಿಯನ್ನು ತಂತಿಯ ಮೇಲೆ ಹಾಕಿ, ಬಲಗಾಲಿನ ಬೂಟಿನಿಂದ ಒಂದು ಕ್ಲಿಪ್ ತೆಗೆದು ಸಿಕ್ಕಿಸಿದಳು. "ಇಲ್ಲಿಗೆ ಬಂದಾಗಿನಿಂದ."

"ಒಂದು ದಿನಾನೂ?"

"ಒಂದು ದಿನಾನೂ ಇಲ್ಲ. ಏಳೂವರೆ ತನಕ ಮಲಗ್ತೀನಿ ಕಣೋ. ಎಷ್ಟು ಚೆನ್ನಾಗಿರ್ತದೆ ಗೊತ್ತಾ." ಹಾಗೆಂದು ನಾಚಿಕೊಂಡು ನಕ್ಕಳು. ಇವನು ನಗದಿದ್ದದ್ದು ನೋಡಿ ನಗು ಒಳಗೆಳೆದುಕೊಂಡಳು. "ನನಗೆ ಓಡೋದು ಯಾವತ್ತೂ ಇಷ್ಟ ಇರ್ಲಿಲ್ಲ."

"ಸುಳ್ಳು."

"ನೀನು ಸ್ಕೂಲು ಬಿಟ್ಟ ವರ್ಷ ನೆನಪಿದ್ಯಾ? ಬಚ್ಚಲ ಬಾಗಿಲು ಒದ್ದು ಮುರಿದೆ. ಮೇಷ್ಟ್ರ ಸೈಕಲ್ ಬಾವೀಲಿ ಹಾಕಿದೆ. ಇವನನ್ನ ಎಲ್ಲಾದ್ರೂ ಕರ್ಕೊಂಡು ಹೋಗೆ, ಮನೇಲಿದ್ರೆ ಮನೇನೇ ಕೆಡವ್ತಾನೆ ಅಂತ ಅಮ್ಮ ಅತ್ಲು. ವಾಕಿಂಗ್ ಕರ್ಕೊಂಡು ಹೋದೆ. ನೀನು ನಡೀಲಿಲ್ಲ, ಓಡಿದೆ. ಸಿಟ್ಟಲ್ಲಿ ಎತ್ಲಾಗೋ ಹೋಗ್ಬಿಡ್ತೀಯ ಅಂತ ನಾನೂ ಹಿಂದೆ ಓಡಿದೆ. ವಾಪಸ್ ಬಂದಾಗ ಮೆತ್ತಗಾಗಿದ್ದೆ. ಮಾರನೇ ದಿನಾನೂ ಹೋದ್ವಿ. ಅಷ್ಟೇ ಕಣೋ ನಡೆದಿದ್ದು. ನಿಲ್ಲಿಸೋದು ಹೇಗೆ ಅಂತ ಗೊತ್ತಾಗ್ಲಿಲ್ಲ."

"ಆರು ವರ್ಷ."

"ಹೂಂ."

"ಒಂದು ದಿನಾನೂ ಇಷ್ಟ ಆಗ್ಲಿಲ್ವಾ?"

ಅಕ್ಕ ಸುಮ್ಮನೆ ಸಮಾಧಾನಕ್ಕೆ ಹೇಳುವವಳಲ್ಲ. ನಿಜವಾಗಿ ಯೋಚಿಸಿದಳು, ತಂತಿಗೆ ಒಂದು ಕೈ ಜೋತುಹಾಕಿಕೊಂಡು. "ಮುಗಿದ ಮೇಲೆ ಇಷ್ಟ ಆಗ್ತಿತ್ತು. ಗಾಡಿಯವನ ಹತ್ರ ನಿಂತು ಟೀ ಕುಡೀತಿದ್ವಲ್ಲ, ಆಗ. ನೀನು ಏನೇನೋ ಮಾತಾಡ್ತಿದ್ದೆ. ಬೇರೆ ಯಾವಾಗಲೂ ಅಷ್ಟು ಮಾತಾಡ್ತಿರ್ಲಿಲ್ಲ ನೀನು."

ಅವನು ಮತ್ತೆ ಸಿಟ್ಟನ್ನೇ ಹುಡುಕಿದ. "ಮತ್ತೆ ಆ ಪುಸ್ತಕ ಯಾಕೆ ಓದಿದೆ? ದಿನಾ ಫೋನ್ ಮಾಡಿ, ಏಳು, ನಲವತ್ತೈದು ಅಂತ. ನಾನು ಕೊಳೆ ಮೂಟೆ ಮೇಲೆ ಕೂತು ಬಾಯಿ ತೆರ್ಕೊಂಡು ಕೇಳ್ತಿದ್ನಲ್ಲ."

"ನಾನು ಬಿಟ್ಟೆ ಅಂದಿದ್ರೆ ನೀನು ಓಡ್ತಿದ್ಯಾ?"

ಕೆಳಗೆ ಬೀದಿಯಲ್ಲಿ ಯಾರೋ ಕಾರು ತೊಳೆಯುತ್ತಿದ್ದರು. ಬಕೆಟ್ಟಿನ ಸದ್ದು ಬಂತು.

"ಹೇಳು. ಓಡ್ತಿದ್ಯಾ?"

"ಗೊತ್ತಿಲ್ಲ."

"ಗುರುವಾರದಿಂದ ಓಡಿಲ್ವಂತೆ. ಅಮ್ಮ ಹೇಳಿದ್ಲು." ಅಕ್ಕ ಹತ್ತಿರ ಬಂದು ಅವನ ಜಾಕೆಟ್ಟಿನ ಕಾಲರು ಸರಿಮಾಡಿದಳು, ಅದು ಸರಿಯಾಗಿಯೇ ಇತ್ತು. "ಜೋಡಿ ಓಟದ ದಿನ ಬರ್ತೀನಿ ಕಣೋ. ಟ್ಯಾಂಕ್ ಹತ್ರ ನಿಂತಿರ್ತೀನಿ. ನೀನು ಪಟ್ಟಿ ತಂದ್ಕೊಡು, ನನ್ನ ಹತ್ತು ನಡ್ಕೊಂಡು ಹೋಗ್ತೀನಿ. ಕೊನೇ ಜೋಡಿ ಆಗೋಣ, ಏನಾಯ್ತೀಗ."

"ನಡ್ಕೊಂಡು," ಎಂದ ಅವನು. ಮೂರು ತಿಂಗಳು ಕತ್ತಲಲ್ಲಿ ಸುಟ್ಟ ಉಸಿರೆಲ್ಲ ಆ ಒಂದು ಪದದಲ್ಲಿ ಹೊರಬಿತ್ತು.

"ನಡೆಯೋದು ಬೇಡ್ವಾ? ಸರಿ." ಅಕ್ಕ ಬೂಟಿನ ಕಡೆ ನೋಡಿದಳು. "ನೀನು ಬಿಟ್ಬಿಡ್ತೀನಿ ಅಂದ್ರೆ, ನಾಳೆಯಿಂದ ನಾನೇ ಎದ್ದು ಓಡ್ತೀನಿ. ಇನ್ನೂ ಐದು ವಾರ ಇದೆ. ನಿಜವಾಗ್ಲೂ ಓಡಿ, ನಿಜವಾಗ್ಲೂ ಫೋನ್ ಮಾಡ್ತೀನಿ. ನಿನ್ನಾಣೆ."

ಅವಳು ಮಾಡುತ್ತಾಳೆಂದು ಅವನಿಗೆ ಗೊತ್ತಿತ್ತು. ಏಳೂವರೆಯವರೆಗೆ ಮಲಗುವ ಸುಖ ಬಿಟ್ಟು, ಕ್ಲಿಪ್ಪುಗಳನ್ನು ಬೇರೆಲ್ಲೋ ಸುರಿದು, ಕತ್ತಲಲ್ಲಿ ಹಲ್ಲು ಕಟಕಟಿಸುತ್ತ, ಯಾವತ್ತೂ ಇಷ್ಟವಿಲ್ಲದ್ದನ್ನು ಇನ್ನೊಂದು ಚಳಿಗಾಲ ಮಾಡುತ್ತಾಳೆ. ಅವಳ ಮೂಗು ಕೆಂಪಾಗುತ್ತದೆ. ಬೇಕಿದ್ದರೆ ಏಳನೆಯ ಚಳಿಗಾಲ ಆದ ಮೇಲೆ ಎಂಟನೆಯದೂ.

ಭಾವ ವಾಪಸ್ ಬಂದು ಬಾಗಿಲಲ್ಲಿ ಕೆಮ್ಮಿದ. "ನಲ್ಲಿ ಸೋರ್ತಿರ್ಲಿಲ್ಲ," ಎಂದ. "ಊಟ ಮಾಡ್ಕೊಂಡು ಹೋಗಪ್ಪ."

"ಬಸ್ಸಿದೆ," ಎಂದು ಅವನು ಮೆಟ್ಟಿಲಿಳಿದ.

ಬೀದಿಗೆ ಬಂದಾಗ ಬಿಸಿಲು ಎದುರಿನ ಗೋಡೆಯ ಅರ್ಧದವರೆಗೆ ಇಳಿದಿತ್ತು. ನೆಲದ ಮೇಲೆ ಇನ್ನೂ ರಾತ್ರಿಯ ಥಂಡಿ. ಕಾರು ತೊಳೆಯುವವನು ಒದ್ದೆ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದ.

"ಲೋ," ಎಂದು ಮೇಲಿಂದ ಅಕ್ಕ ಕೂಗಿದಳು.

ಅವನು ಕತ್ತೆತ್ತಿದ. ಒದ್ದೆ ಬಟ್ಟೆಗಳ ನಡುವೆ ಅವಳ ಮುಖ ಮಾತ್ರ ಕಾಣುತ್ತಿತ್ತು. ಕಾರಿನವನೂ ಕತ್ತೆತ್ತಿದ.

"ನಾಳೆ ಏಳ್ತೀಯೇನೋ?"

ಏಳಲ್ಲ ಅಂದರೆ ಸಾಕಿತ್ತು. ಆ ಒಂದು ಮಾತಿಗೆ ಅಕ್ಕ ಮತ್ತೆ ಸಿಗುತ್ತಿದ್ದಳು, ನಾಳೆ ಬೆಳಿಗ್ಗೆ ಐದು ಗಂಟೆಗೇ. ಏಳ್ತೀನಿ ಅಂದರೆ ಅವಳು ಸಮಾಧಾನವಾಗಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು. ಮೊದಲನೆಯದು ನಾಲಿಗೆಯ ತುದಿಗೆ ಬಂದು ನಿಂತಿತು. ಎರಡನೆಯದು ಎಷ್ಟು ಎಳೆದರೂ ಬರಲಿಲ್ಲ.

"ಏಳ್ತೀಯಾ, ಇಲ್ವಾ? ಹೇಳಿ ಹೋಗೋ."

ಅವನು ಆ ಮೊದಲನೆಯ ಮಾತು ಹೊರಬೀಳದಂತೆ ಹಲ್ಲು ಕಚ್ಚಿ ಹಿಡಿದು, ಕೈಗಳನ್ನು ಜೇಬಿಗೆ ತುರುಕಿ, ತಿರುಗಿ ನಡೆದ. ಹಿಂದಿನಿಂದ ಇನ್ನೊಂದು ಸಲ ಕೂಗು ಬಂತು. ಕಾರಿನವನು, "ಏ ತಮ್ಮಾ, ನಿನ್ನನ್ನೇ ಕರೀತಿರೋದು," ಎಂದ. ಅವನು ನಿಲ್ಲಲಿಲ್ಲ, ಬೀದಿಯ ಕೊನೆಯಲ್ಲಿ ಬಲಕ್ಕೆ ತಿರುಗಿ ಬಸ್ ನಿಲ್ದಾಣದ ಕಡೆ ನಡೆದುಹೋದ.